ವಿದ್ಯುತ್ ಕಾರಿನ ಬ್ಯಾಟರಿ: ವಯಸ್ಸು ಮತ್ತು ಓಟದ ದೂರ

ವಿದ್ಯುತ್ ಕಾರನ್ನು ಕೊಳ್ಳಲಿಚ್ಛಿಸುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಒಮ್ಮೆ ಚಾರ್ಜ್ ಮಾಡಿದರೆ ಅದು ಎಷ್ಟು ದೂರ ಓಡುತ್ತದೆ ಎಂಬುದು. ಎಂಟು ವರ್ಷಗಳ ಬಳಿಕ ಅದೇ ಕಾರು ಎಷ್ಟು ದೂರ ಓಡೀತು ಎಂಬ ಪ್ರಶ್ನೆಯೂ ಅಷ್ಟೇ ಮಹತ್ತ್ವದ್ದು. ಕಾರಿನ ಭಾಗಗಳಲ್ಲೆಲ್ಲ ಅತ್ಯಂತ ದುಬಾರಿಯಾದುದು ಬ್ಯಾಟರಿ. ಕಾಲಕ್ರಮದಲ್ಲಿ ಅದರ ಧಾರಣಶಕ್ತಿ ಕುಗ್ಗುವ ಬಗೆಯನ್ನು ತಿಳಿದವರು ಅನಗತ್ಯ ಭಯದಿಂದಲೂ ಹಳೆಯ ಕಾರನ್ನು ಕೊಳ್ಳುವಾಗ ಆಗಬಹುದಾದ ನಷ್ಟದಿಂದಲೂ ಪಾರಾಗಬಲ್ಲರು.

ಸೀಸದಿಂದ ಲಿಥಿಯಂವರೆಗೆ

2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಮ್ಮೆ ಚಾರ್ಜ್ ಮಾಡಿದರೆ ಅದು ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿಗಳನ್ನು ಪೂರ್ತಿಯಾಗಿ ಬದಲಾಯಿಸುವುದು ಅನಿವಾರ್ಯವಾಗಿತ್ತು. ಇಂದಿನ ಕಾರುಗಳಲ್ಲಿ ಬಳಕೆಯಲ್ಲಿರುವ ಲಿಥಿಯಂ-ಅಯಾನು ಬ್ಯಾಟರಿಯು 1991ರಲ್ಲಿ ಮೊದಲ ಬಾರಿಗೆ ವಾಣಿಜ್ಯ ರೂಪದಲ್ಲಿ ಬಂದಿತು. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ. ಹಗುರವೂ ದೀರ್ಘಾಯುವೂ ಆದ ಈ ಬ್ಯಾಟರಿಯೂ ಸವೆತಕ್ಕೆ ಹೊರತಾಗಿಲ್ಲ.

ಸವೆತದ ಕಾರಣಗಳು

ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಬ್ಯಾಟರಿಯ ಒಂದು ಅಗ್ರದಿಂದ ಗ್ರಾಫೈಟ್ ಅಗ್ರಕ್ಕೆ ಚಲಿಸಿ ಅಲ್ಲಿ ನೆಲೆಸುತ್ತವೆ; ಕಾರು ಓಡುವಾಗ ಮರಳುತ್ತವೆ. ಗ್ರಾಫೈಟಿನ ಮೇಲೆ ಮೊದಲ ಚಾರ್ಜಿನಲ್ಲಿಯೇ ಒಂದು ತೆಳುವಾದ ಪದರ ಉಂಟಾಗುತ್ತದೆ. ಈ ಪದರ ರಕ್ಷಣೆಗೆ ಅವಶ್ಯಕವಾದರೂ ವರ್ಷಗಳು ಕಳೆದಂತೆ ದಪ್ಪವಾಗುತ್ತಾ ಸ್ವಲ್ಪ ಸ್ವಲ್ಪ ಲಿಥಿಯಂ ಅನ್ನು ತನ್ನಲ್ಲಿ ಬಂಧಿಸಿಬಿಡುತ್ತದೆ. ಹೀಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು.

ಈ ಸವೆತವು ಎರಡು ಬಗೆಯದು. ಕಾರು ನಿಂತಲ್ಲೇ ನಿಂತಿದ್ದರೂ ಕಾಲ ಕಳೆದಂತೆ ಆಗುವುದು ಒಂದು. ಚಾರ್ಜ್ ಮಾಡಿ ಓಡಿಸುವ ಪ್ರತಿಯೊಂದು ಆವರ್ತನದಲ್ಲಿ ಆಗುವುದು ಇನ್ನೊಂದು. ಎರಡನ್ನೂ ತೀವ್ರಗೊಳಿಸುವ ಮುಖ್ಯ ಶತ್ರು ಶಾಖ. ಬ್ಯಾಟರಿಯನ್ನು ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಹುಕಾಲ ಇಡುವುದು, ಕೊರೆಯುವ ಚಳಿಯಲ್ಲಿ ತೀವ್ರಗತಿಯಲ್ಲಿ ಚಾರ್ಜ್ ಮಾಡುವುದು ಸಹ ಹಾನಿಕರ.

ಶಾಖದ ಪರಿಣಾಮಕ್ಕೆ ಅಮೆರಿಕದ ಅರಿಜೋನಾ ರಾಜ್ಯದ ಅನುಭವವು ಒಳ್ಳೆಯ ನಿದರ್ಶನ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನಿಸ್ಸಾನ್ ಲೀಫ್ ಕಾರಿನ ಬ್ಯಾಟರಿಗೆ ದ್ರವದಿಂದ ತಂಪುಗೊಳಿಸುವ ವ್ಯವಸ್ಥೆ ಇರಲಿಲ್ಲ. 2012ರ ವೇಳೆಗೆ ಫೀನಿಕ್ಸ್ ನಗರದ ಉರಿಬಿಸಿಲಿನಲ್ಲಿ ಅನೇಕ ಕಾರುಗಳ ಧಾರಣಶಕ್ತಿ ನಿರೀಕ್ಷೆಗಿಂತ ಬೇಗ ಕುಗ್ಗಿತು. ಮಾಲೀಕರ ದೂರುಗಳ ಬಳಿಕ ಸಂಸ್ಥೆಯು ಧಾರಣಶಕ್ತಿಗೂ ಖಾತರಿ ನೀಡಿತು. ಇಂದು ಅನೇಕ ಕಾರುಗಳಲ್ಲಿ ದ್ರವಶೀತಕ ವ್ಯವಸ್ಥೆ ಇರುತ್ತದೆ. ದೆಹಲಿ, ಹೈದರಾಬಾದ್, ಚೆನ್ನೈಗಳಂತಹ ನಗರಗಳಲ್ಲಿ ವಾಸಿಸುವವರು ಕಾರು ಕೊಳ್ಳುವಾಗ ಈ ಅಂಶವನ್ನು ವಿಚಾರಿಸುವುದು ಒಳಿತು.

ತಾತ್ಕಾಲಿಕ ಇಳಿಕೆ, ಶಾಶ್ವತ ಇಳಿಕೆ

ಓಟದ ದೂರ ಕಡಿಮೆಯಾದಾಗಲೆಲ್ಲ ಬ್ಯಾಟರಿ ಸವೆದಿದೆ ಎಂದು ಭಾವಿಸಬಾರದು. ಜನವರಿಯ ದೆಹಲಿಯ ಚಳಿ, ಹೆದ್ದಾರಿಯ ಅತಿವೇಗ, ಹವಾನಿಯಂತ್ರಕದ ಬಳಕೆ, ಘಾಟಿಯ ಏರು, ಗಾಳಿ ಕಡಿಮೆಯಾದ ಟೈರು ಇವೆಲ್ಲವೂ ದೂರವನ್ನು ತಗ್ಗಿಸುತ್ತವೆ. ಕಾರಣ ನಿವಾರಣೆಯಾದೊಡನೆ ದೂರವೂ ಮೊದಲಿನಂತಾಗುತ್ತದೆ. ಕಾರಿನ ಫಲಕದ ಮೇಲೆ ಕಾಣುವ ದೂರವು ಇತ್ತೀಚಿನ ಓಟವನ್ನು ಆಧರಿಸಿದ ಅಂದಾಜು ಆಗಿರುವುದರಿಂದ ಅದರಿಂದ ಬ್ಯಾಟರಿಯ ಆರೋಗ್ಯವನ್ನು ನಿರ್ಧರಿಸಲಾಗದು. ಪ್ರಮಾಣೀಕೃತ ದೂರವೂ ನಿಗದಿತ ಪರೀಕ್ಷಾ ಸ್ಥಿತಿಗಳಲ್ಲಿ ಅಳೆದದ್ದು. ನಿತ್ಯದ ರಸ್ತೆಯಲ್ಲಿ ಅದಕ್ಕಿಂತ ಕಡಿಮೆ ದೊರೆಯುವುದು ಸಹಜ.

ಒಂದು ಲೆಕ್ಕ

30 ಯೂನಿಟ್ ಹಿಡಿಯುವ ಬ್ಯಾಟರಿಯುಳ್ಳ ಒಂದು ಕಾರು ಪ್ರತಿ ಯೂನಿಟ್ಟಿಗೆ 7 ಕಿಲೋಮೀಟರ್ ಓಡುತ್ತದೆ ಎಂದು ಇಟ್ಟುಕೊಳ್ಳೋಣ. ಹೊಸದರಲ್ಲಿ ಅದರ ಓಟ 210 ಕಿಲೋಮೀಟರ್. ಧಾರಣಶಕ್ತಿ ಶೇಕಡಾ 80ಕ್ಕೆ ಇಳಿದಾಗ 168 ಕಿಲೋಮೀಟರ್. ಶೇಕಡಾ 70ಕ್ಕೆ ಇಳಿದಾಗ 147 ಕಿಲೋಮೀಟರ್. ಮುಂಬಯಿಯಿಂದ ಪುಣೆಗೆ ಸುಮಾರು 150 ಕಿಲೋಮೀಟರ್. ನಡುವೆ ಖಂಡಾಲಾ ಘಾಟಿಯ ಏರೂ ಉಂಟು. ಹೊಸ ಕಾರು ನಿರಾಯಾಸವಾಗಿ ತಲಪುವ ಪುಣೆಗೆ ಹಳೆಯ ಕಾರು ಹೋಗಬೇಕಾದರೆ ದಾರಿಯಲ್ಲಿ ಒಮ್ಮೆ ಚಾರ್ಜ್ ಮಾಡಿಕೊಳ್ಳಬೇಕಾಗುತ್ತದೆ. ಆದರೆ ದಿನಕ್ಕೆ 40 ಕಿಲೋಮೀಟರ್ ಕಚೇರಿಗೆ ಹೋಗಿಬರುವವರಿಗೆ ಅದೇ ಹಳೆಯ ಕಾರು ಒಂದು ಚಾರ್ಜಿನಲ್ಲಿ ಮೂರು ದಿನ ಸೇವೆ ಸಲ್ಲಿಸುತ್ತದೆ. ಆದ್ದರಿಂದ ಬ್ಯಾಟರಿಯ ಉಪಯುಕ್ತತೆಯನ್ನು ಅವರವರ ಅಗತ್ಯದೊಡನೆ ಹೋಲಿಸಿಯೇ ನಿರ್ಣಯಿಸಬೇಕು.

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ವೇದಿಕೆಯಲ್ಲಿ 2022ರಲ್ಲಿ ಅಂಗೀಕೃತವಾದ ತಾಂತ್ರಿಕ ನಿಯಮವು ಇದಕ್ಕೊಂದು ಅಳತೆಗೋಲನ್ನು ಒದಗಿಸಿದೆ. ಅದರಂತೆ 5 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವೇಳೆಗೆ ಕನಿಷ್ಠ ಶೇಕಡಾ 80ರಷ್ಟು, 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವೇಳೆಗೆ ಶೇಕಡಾ 70ರಷ್ಟು ಧಾರಣಶಕ್ತಿ ಉಳಿದಿರಬೇಕು.

ಬಳಕೆದಾರರು ಗಮನಿಸಬೇಕಾದುದು

1. ಕಾರನ್ನು ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸಬೇಕು. ಸುಡುಬಿಸಿಲಿನಲ್ಲಿ ದೂರ ಓಡಿದ ಕೂಡಲೇ ತೀವ್ರಗತಿಯ ಚಾರ್ಜಿಂಗ್ ಮಾಡುವ ಬದಲು ಬ್ಯಾಟರಿ ತಣಿಯಲು ತುಸು ಬಿಡುವು ಕೊಡಬೇಕು.

2. ನಿಕಲ್ ಬಳಸಿದ ಬ್ಯಾಟರಿಗಳನ್ನು ನಿತ್ಯಬಳಕೆಯಲ್ಲಿ ಶೇಕಡಾ 80ರವರೆಗೆ ಚಾರ್ಜ್ ಮಾಡಿದರೆ ಸಾಕು. ಕಬ್ಬಿಣದ ಫಾಸ್ಫೇಟ್ ಬಳಸಿದವು ಹೆಚ್ಚು ಆವರ್ತನಗಳನ್ನು ತಾಳುತ್ತವೆ. ಅವುಗಳ ಅಳತೆ ಸರಿಯಾಗಿರಲು ತಯಾರಕರ ಸೂಚನೆಯಂತೆ ಆಗಾಗ ಪೂರ್ತಿ ಚಾರ್ಜ್ ಮಾಡಬೇಕು.

3. ಬೇಸಿಗೆ ರಜೆಗೆ ಕಾರನ್ನು ಬಿಟ್ಟು ಊರಿಗೆ ತೆರಳುವವರು ಬ್ಯಾಟರಿಯನ್ನು ಸುಮಾರು ಅರ್ಧದಷ್ಟು ತುಂಬಿಟ್ಟು ಹೋಗುವುದು ಉತ್ತಮ.

4. ಹಳೆಯ ಕಾರನ್ನು ಕೊಳ್ಳುವ ಮುನ್ನ ಬ್ಯಾಟರಿಯ ಆರೋಗ್ಯದ ಲಿಖಿತ ವರದಿಯನ್ನು ಕೇಳಬೇಕು. ಖಾತರಿಯ ಉಳಿದ ಅವಧಿಯನ್ನೂ ಅದು ಹೊಸ ಮಾಲೀಕರಿಗೆ ಅನ್ವಯಿಸುವುದೇ ಎಂಬುದನ್ನೂ ಪರಿಶೀಲಿಸಬೇಕು.

5. ಸ್ಥೂಲ ಅಂದಾಜನ್ನು ಸ್ವತಃ ಮಾಡಿಕೊಳ್ಳಬಹುದು. ಚಾರ್ಜ್ ಶೇಕಡಾ 90ರಿಂದ 20ಕ್ಕೆ ಇಳಿಯುವಷ್ಟರಲ್ಲಿ 17.5 ಯೂನಿಟ್ ಖರ್ಚಾಗಿದೆ ಎಂದು ಫಲಕ ತೋರಿಸಿದರೆ, ಬ್ಯಾಟರಿಯ ಈಗಿನ ಧಾರಣಶಕ್ತಿ 25 ಯೂನಿಟ್. ಹೊಸದರಲ್ಲಿ ಅದು 30 ಯೂನಿಟ್ ಆಗಿದ್ದರೆ ಉಳಿದಿರುವುದು ಶೇಕಡಾ 83.

ಕಾರಿಗೆ ಸಾಲದೆ ಹೋದ ಬ್ಯಾಟರಿಯನ್ನು, ಸುಸ್ಥಿತಿಯಲ್ಲಿದ್ದರೆ, ಸೌರವಿದ್ಯುತ್ತಿನ ಸಂಗ್ರಹಕ್ಕೆ ಬಳಸಬಹುದು. ಭಾರತ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹಣೆ ಮತ್ತು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅಂತಹ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸುವುದು ಪ್ರತಿಯೊಬ್ಬ ಮಾಲೀಕರ ಕರ್ತವ್ಯ.