ಹಳೇ ಟ್ರ್ಯಾಕ್ಟರಿನ ಆಯಿಲ್ ಫಿಲ್ಟರ್ ಸೋರುತ್ತಿದೆಯೇ?

ಫಿಲ್ಟರಿನ ಸುತ್ತ ಜಿಡ್ಡು ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಬಿಗಿಮಾಡಲು ಹೋಗಬೇಡಿ. ಮೊದಲು ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಎಂಜಿನ್ ಚಾಲೂ ಮಾಡಿ ನೋಡಿ. ಮೇಲಿನ ಪೈಪಿನಿಂದ ಇಳಿದ ಆಯಿಲ್ಲಿಗೆ ಎಷ್ಟೋ ಸಲ ಫಿಲ್ಟರು ಅಪವಾದ ಹೊರುತ್ತದೆ.

ಮ್ಯಾಸಿ ಫರ್ಗುಸನ್ 35ರಂಥ ಹಳೆಯ ಗಾಡಿಗಳಲ್ಲಿ ಫಿಲ್ಟರು ಲೋಹದ ಬಟ್ಟಲೊಳಗೆ ಕೂತಿರುತ್ತದೆ. ನಡುವಿನ ಉದ್ದ ಬೋಲ್ಟು ಅದನ್ನು ಹಿಡಿದಿರುತ್ತದೆ. ಸೋರಿಕೆಯ ಮೂಲ ಹೆಚ್ಚಾಗಿ ಬಟ್ಟಲಿನ ಬಾಯಿ ಕೂರುವ ಸಂದಿನ ರಬ್ಬರ್ ರಿಂಗು. ಹಳೆಯ ರಿಂಗು ಬಿಸಿಗೆ ಗಟ್ಟಿಯಾಗಿ, ಲೋಹದ ಭಾಗವೇ ಎನ್ನುವಷ್ಟು ಕಚ್ಚಿಕೊಂಡಿರುತ್ತದೆ. ಗೊತ್ತಾಗದೆ ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಎಷ್ಟು ಬಿಗಿದರೂ ತೊಟ್ಟಿಕ್ಕುತ್ತದೆ. ಎಂಜಿನ್ ತಣಿದ ಮೇಲೆ ಬಟ್ಟಲು ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ. ಹಳೆಯ ರಿಂಗು ಉಳಿದಿದ್ದರೆ ತುದಿ ಬಾಗಿಸಿದ ತಂತಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆಯಿರಿ, ಸಂದಿಗೆ ಗೀರು ಬೀಳದಿರಲಿ. ಹೊಸ ರಿಂಗಿಗೆ ಎಂಜಿನ್ ಆಯಿಲ್ ಸವರಿ ಕೂರಿಸಿ. ಬೋಲ್ಟಿನ ತಲೆಯ ಕೆಳಗಿನ ವಾಷರನ್ನೂ ಬದಲಿಸಿ, ಅದನ್ನು ಮರೆಯುವವರೇ ಹೆಚ್ಚು. ಅತಿಯಾಗಿ ಬಿಗಿದರೆ ಬಟ್ಟಲಿನ ಅಂಚು ಸೊಟ್ಟಗಾಗುತ್ತದೆ. ಸೊಟ್ಟಗಾದ ಬಟ್ಟಲಿಗೆ ಯಾವ ರಿಂಗೂ ಒಗ್ಗುವುದಿಲ್ಲ.

ಚಾಲೂ ಮಾಡಿದಾಗ ಗೇಜಿನಲ್ಲಿ ಪ್ರೆಶರ್ ಏರದಿದ್ದರೆ ತಕ್ಷಣ ಆಫ್ ಮಾಡಿ. ಏರಿದರೆ ಐದು ನಿಮಿಷ ಓಡಲು ಬಿಟ್ಟು ನಿಲ್ಲಿಸಿ. ಆಯಿಲ್ ಕೆಳಗಿಳಿದ ಮೇಲೆ ಡಿಪ್‌ಸ್ಟಿಕ್ ನೋಡಿ, ಕಡಿಮೆಯಾದಷ್ಟು ತುಂಬಿ.