ನೇರ ಸರಳಿಗೆ ಹಾಡು ಕಲಿಸುವ ಶ್ರುತಿ

ಮನೆಯ ಮೂಲೆಯಲ್ಲಿ ದೂಳು ಹಿಡಿದ ಗಿಟಾರನ್ನೇ ಹವಾಯಿ ಸ್ಟೀಲ್ ಗಿಟಾರ್ ಮಾಡಿಕೊಳ್ಳುವುದು ಹೇಗೆ? ಇಲ್ಲಿದೆ ಆರು ಹಂತಗಳ ಮಾಹಿತಿ.

ಲೂನಿ ಟ್ಯೂನ್ಸ್ ಕಾರ್ಟೂನಿನ ಆರಂಭ ನೆನಪಿಸಿಕೊಳ್ಳಿ. ಬಣ್ಣದ ವರ್ತುಲಗಳು ಪರದೆ ಮೇಲೆ ಕಾಣಿಸುವ ಹೊತ್ತಿಗೆ ‘ಟೊಂಯ್ಯ್’ ಎಂದು ಒಂದು ಸ್ವರ ಜಾರಿಕೊಂಡು ಹೋಗುತ್ತದೆ. ಅದು ಸ್ಟೀಲ್ ಗಿಟಾರಿನ ಸದ್ದು. ನುಡಿಸಿದವರು ಹವಾಯಿಯಲ್ಲೇ ಹುಟ್ಟಿದ ಫ್ರೆಡ್ಡಿ ತವಾರೆಸ್. ಮುಂದೆ ಫೆಂಡರ್ ಕಂಪನಿ ಸೇರಿ, ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ವಿನ್ಯಾಸದಲ್ಲಿ ಕೈ ಜೋಡಿಸಿದವರೂ ಅವರೇ.

ಜಾರು ನಮ್ಮ ಕಿವಿಗೆ ಹೊಸತಲ್ಲ. ತಂತಿಯ ಮೇಲೆ ಗಟ್ಟಿ ತುಂಡೊಂದನ್ನು ಸರಿಸಿ ನುಡಿಸುವ ಗೋಟುವಾದ್ಯ, ವಿಚಿತ್ರವೀಣೆ ನಮ್ಮಲ್ಲಿವೆ. ಹವಾಯಿಯವರ ವೈಶಿಷ್ಟ್ಯವೆಂದರೆ ಎರಡು, ಮೂರು ತಂತಿಗಳನ್ನು ಒಟ್ಟಿಗೆ ಜಾರಿಸುವುದು. ಒಂದು ಸ್ವರವಲ್ಲ, ಇಡೀ ಕಾರ್ಡೇ ನಿಂತ ಜಾಗದಿಂದ ತೇಲಿಕೊಂಡು ಹೋಗಿ ಇನ್ನೊಂದು ಕಡೆ ಇಳಿಯುತ್ತದೆ. ಆ ವಾದ್ಯದ ಮೋಹ ಇರುವುದು ಅಲ್ಲೇ.

ತೊಡಕೂ ಅಲ್ಲೇ ಇದೆ. ಸಾಮಾನ್ಯ ಗಿಟಾರಿನಲ್ಲಿ ನಾಲ್ಕು ಬೆರಳು ನಾಲ್ಕು ಕಡೆ ಒತ್ತಿ ಬೇಕಾದ ಕಾರ್ಡ್ ಕಟ್ಟುತ್ತವೆ. ಇಲ್ಲಿ ಎಡಗೈಯಲ್ಲಿರುವುದು ಉಕ್ಕಿನ ನೇರ ಸರಳು. ಅದಕ್ಕೆ ಬಾಗಲು ಬರುವುದಿಲ್ಲ. ತಂತಿಗಳಲ್ಲಿ ಏನಿದೆಯೋ ಅದನ್ನೇ ಮೇಲೆ ಕೆಳಗೆ ಹೊತ್ತು ತಿರುಗುತ್ತದೆ. ಹಾಗಾಗಿ ನುಡಿಸಬೇಕಾದ್ದನ್ನು ಮೊದಲೇ ಶ್ರುತಿಯಲ್ಲಿ ಕಟ್ಟಿಡಬೇಕು. ಸ್ಟೀಲ್ ಗಿಟಾರ್ ಕಲಿಯುವುದೆಂದರೆ ಅರ್ಧ ಪಾಲು ಶ್ರುತಿ ಕಲಿಯುವುದೇ.

ಬೋಲ್ಟಿನಿಂದ ಶುರುವಾದ ಕಥೆ

ಈ ವಾದನಕ್ರಮವನ್ನು ರೂಪಿಸಿದ ಶ್ರೇಯ ಜೋಸೆಫ್ ಕೆಕೂಕು ಅವರದು. 1874ರಲ್ಲಿ ಒವಾಹು ದ್ವೀಪದ ಲಾಯಿಯೆಯಲ್ಲಿ ಹುಟ್ಟಿದ ಕೆಕೂಕು, 1880ರ ದಶಕದ ಕೊನೆಯಲ್ಲಿ, ಇನ್ನೂ ಶಾಲಾ ಹುಡುಗನಾಗಿದ್ದಾಗಲೇ ತಂತಿಯ ಮೇಲೆ ಉಕ್ಕು ಜಾರಿಸಿ ನುಡಿಸತೊಡಗಿದರು. ರೈಲು ಹಳಿಯ ಬಳಿ ಸಿಕ್ಕ ಬೋಲ್ಟು ತಂತಿಗೆ ತಗುಲಿದ್ದೇ ಇದಕ್ಕೆಲ್ಲ ಮೂಲ ಎಂಬ ಕಥೆಯಿದೆ. ಬೋಲ್ಟಲ್ಲ, ಬಾಚಣಿಗೆ ಎನ್ನುವವರೂ ಇದ್ದಾರೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ–ಪೆಸಿಫಿಕ್ ಮೇಳದ ನಂತರ ಅಮೆರಿಕಕ್ಕೆ ಹವಾಯಿ ಸಂಗೀತದ ಹುಚ್ಚೇ ಹಿಡಿಯಿತು. ಮಾರುಕಟ್ಟೆಯಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರೇ. ಉದ್ದ ಹಿಡಿಯ ಕಾವಲಿಯಂತಿದ್ದ, 1930ರ ದಶಕದ ಆರಂಭದ ಈ ರಿಕೆನ್‌ಬ್ಯಾಕರ್ ವಾದ್ಯಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂದೇ ಹೆಸರಾಯಿತು.

ನಮ್ಮ ದೇಶದಲ್ಲಿ ಇದು ಗಟ್ಟಿಯಾಗಿ ಬೇರೂರಿದ್ದು ಕೋಲ್ಕತ್ತದ ಮೂಲಕ. ಲೋಕಸಂಚಾರಿ ಕಲಾವಿದ ತಾವು ಮೋಯೆ ಕುಟುಂಬ ಸಮೇತ 1940ರ ದಶಕದಲ್ಲಿ ಅಲ್ಲಿ ನೆಲೆಸಿದ್ದರು. ಆಮೇಲೆ ಬ್ರಿಜ್‌ಭೂಷಣ್ ಕಾಬ್ರಾ ಇದೇ ಗಿಟಾರಿನಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ವಿಶ್ವಮೋಹನ್ ಭಟ್ ಅದನ್ನು ಮಾರ್ಪಡಿಸಿ ಮೋಹನವೀಣೆ ಮಾಡಿ, 1994ರಲ್ಲಿ ರೈ ಕೂಡರ್ ಜತೆ ಗ್ರ್ಯಾಮಿ ಪಡೆದರು.

ಬೇಕಾದ ಸಾಮಾನು

* ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್. ನೈಲಾನ್ ತಂತಿಯದು ಇದಕ್ಕೆ ಆಗಿಬರುವುದಿಲ್ಲ.
* ಸ್ಟೀಲ್ ಬಾರ್. ಸುಮಾರು 8 ಸೆಂ.ಮೀ. ಉದ್ದದ, ಕೈಗೆ ಭಾರ ಎನಿಸುವ ಗಟ್ಟಿ ಉಕ್ಕಿನದು. ಬ್ಲೂಸ್ ನುಡಿಸುವವರು ಬೆರಳಿಗೆ ತೊಡುವ ಟೊಳ್ಳು ಕೊಳವೆ ಬೇರೆ, ಇದು ಬೇರೆ. ಅಂಗಡಿಯಲ್ಲಿ ಸರಿಯಾಗಿ ಕೇಳಿ.
* ತಂತಿ ಎತ್ತರಿಸುವ ಲೋಹದ ಎಕ್ಸ್‌ಟೆನ್ಷನ್ ನಟ್.
* ಹೆಬ್ಬೆರಳಿಗೆ ಒಂದು ಥಂಬ್ ಪಿಕ್, ತೋರುಬೆರಳು ಮತ್ತು ನಡುಬೆರಳಿಗೆ ಎರಡು ಫಿಂಗರ್ ಪಿಕ್.

ಹಂತ 1: ತಂತಿ ಎತ್ತರಿಸಿ

ಬಾರ್ ತಗುಲಬೇಕಾದ್ದು ತಂತಿಗೆ ಮಾತ್ರ, ಫ್ರೆಟ್‌ಗಲ್ಲ. ತಂತಿಗಳನ್ನು ಸಡಿಲಿಸಿ, ಇರುವ ನಟ್ ಮೇಲೆಯೇ ಎಕ್ಸ್‌ಟೆನ್ಷನ್ ನಟ್ ಕೂರಿಸಿ, ತಂತಿಗಳನ್ನು ಅದರ ಗೀರುಗಳಲ್ಲಿ ಹಾಯಿಸಿ. ಆ ತುದಿಯಲ್ಲಿ ತಂತಿ ಒಂದು ಸೆಂ.ಮೀ.ಗೆ ಹತ್ತಿರದಷ್ಟು ಎದ್ದಿರಬೇಕು. ಗಿಟಾರಿಗೇನೂ ಪೆಟ್ಟಾಗುವುದಿಲ್ಲ. ಬೇಡವೆನಿಸಿದ ದಿನ ತೆಗೆದಿಟ್ಟರೆ ಹಳೆಯ ಗಿಟಾರ್ ಹಾಗೇ ಮರಳುತ್ತದೆ.

ಹಂತ 2: ಜಿ ಶ್ರುತಿ ಹಿಡಿಯಿರಿ

ಎಲ್ಲರಿಗೂ ಗೊತ್ತಿರುವ ಶ್ರುತಿ, ದಪ್ಪ ತಂತಿಯಿಂದ ಸಣ್ಣ ತಂತಿಗೆ, ಇ–ಎ–ಡಿ–ಜಿ–ಬಿ–ಇ. ಹವಾಯಿಯ ಹಳಬರ ಮೆಚ್ಚಿನ ಎ ಶ್ರುತಿಯಲ್ಲಿ ಇದು ಇ–ಎ–ಇ–ಎ–ಸಿ ಶಾರ್ಪ್–ಇ ಆಗುತ್ತದೆ. ಅಂದರೆ ಮೂರು ತಂತಿಗಳನ್ನು ಎರಡೆರಡು ಫ್ರೆಟ್‌ನಷ್ಟು ಏರಿಸಬೇಕು. ಹಾಗೆ ಏರಿಸಿದಾಗ ಒಂದೊಂದು ತಂತಿಯ ಎಳೆತ ಶೇ 26ರಷ್ಟು ಹೆಚ್ಚುತ್ತದೆ. ಹಳೆಯ ಗಿಟಾರಾದರೆ ಬ್ರಿಡ್ಜ್ ಕಿತ್ತು ಬಂದೀತು. ಆದ್ದರಿಂದ ಅದೇ ಅಂತರಗಳನ್ನು ಇಟ್ಟುಕೊಂಡು, ಏರಿಸುವ ಬದಲು ಇಳಿಸಿ:

* 6ನೇ ತಂತಿ: ಇ ಇಂದ ಡಿಗೆ. 4ನೇ ತಂತಿಯ ಡಿಗೆ ಒಂದು ಸ್ಥಾಯಿ ಕೆಳಗೆ ಸೇರಬೇಕು.
* 5ನೇ ತಂತಿ: ಎ ಇಂದ ಜಿಗೆ. 3ನೇ ತಂತಿಯ ಜಿಗೆ ಒಂದು ಸ್ಥಾಯಿ ಕೆಳಗೆ.
* 1ನೇ ತಂತಿ: ಇ ಇಂದ ಡಿಗೆ. 4ನೇ ತಂತಿಗೆ ಒಂದು ಸ್ಥಾಯಿ ಮೇಲೆ.
* 4, 3, 2 ಇದ್ದ ಹಾಗೇ ಇರಲಿ.

ಈಗ ಡಿ–ಜಿ–ಡಿ–ಜಿ–ಬಿ–ಡಿ ಆಯಿತು. ಜಿ ಅನ್ನು ಷಡ್ಜ ಮಾಡಿಕೊಂಡರೆ ಪ–ಸ–ಪ–ಸ–ಗ–ಪ. ತಂಬೂರಿಗೆ ಕಿವಿಗೊಟ್ಟವರಿಗೆ ಇದು ನೆಂಟನೇ. ಚೆನ್ನಾಗಿ ಶ್ರುತಿಗೊಂಡ ತಂಬೂರಿಯಲ್ಲಿ ಯಾವ ತಂತಿಯೂ ನುಡಿಸದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದಕ್ಕೆ ಇಲ್ಲಿ ಒಂದು ತಂತಿಯನ್ನೇ ಮೀಸಲಿಟ್ಟಿದ್ದಾರೆ.

ಆ ಹೋಲಿಕೆಯಿಂದ ಒಂದು ಉಪಯೋಗವೂ ಉಂಟು. ಮೊಬೈಲಿನ ಟ್ಯೂನರ್ ತೋರಿಸುವ ಬಿ, ತಂಬೂರಿಯ ಗಾಂಧಾರಕ್ಕಿಂತ ತುಸು ಏರು. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ 100 ಸೆಂಟ್ ಎಂದಿಟ್ಟುಕೊಂಡರೆ, ವ್ಯತ್ಯಾಸ ಸುಮಾರು 14 ಸೆಂಟ್. ಮೊದಲು ಟ್ಯೂನರ್ ನೋಡಿ ಶ್ರುತಿ ಮಾಡಿ. ಆಮೇಲೆ ಅದನ್ನು ಪಕ್ಕಕ್ಕಿಟ್ಟು, ಎಲ್ಲ ತಂತಿಗಳನ್ನು ಮೀಟುತ್ತ 2ನೇ ತಂತಿಯ ಕೀಯನ್ನು ಕೂದಲೆಳೆಯಷ್ಟು ಇಳಿಸಿ. ಕಾರ್ಡಿನೊಳಗಿನ ನಡುಕ ನಿಂತು ನಾದ ಒಂದೇ ಆಗುವ ಜಾಗ ಸಿಗುತ್ತದೆ. ಸರಿಯಾದ ಶ್ರುತಿ ಅದೇ.

ಹಂತ 3: ಬಾರ್ ಹಿಡಿಯುವುದು

ಗಿಟಾರನ್ನು ತೊಡೆಗಳ ಮೇಲೆ ಅಂಗಾತ ಮಲಗಿಸಿ. ಬಾರನ್ನು ಹೆಬ್ಬೆರಳು ಮತ್ತು ನಡುಬೆರಳ ನಡುವೆ ಹಿಡಿದು, ತೋರುಬೆರಳನ್ನು ಅದರ ಬೆನ್ನ ಮೇಲೆ ಚಾಚಿ. ಉಂಗುರಬೆರಳು, ಕಿರುಬೆರಳು ಬಾರಿನ ಹಿಂದೆ ತಂತಿಗಳನ್ನು ಸವರುತ್ತ ಬರಲಿ. ಅವು ಹಿಂಬದಿಯ ಕಿರಿಕಿರಿ ಸದ್ದನ್ನು ಅಡಗಿಸುತ್ತವೆ. ಬಾರನ್ನು ಒತ್ತಬೇಡಿ, ಅದರ ಭಾರವೇ ಸಾಕು.

ಬೆರಳಿನಿಂದ ನುಡಿಸುವವರು ಫ್ರೆಟ್‌ನ ಹಿಂದೆ ಒತ್ತುತ್ತಾರೆ. ಇಲ್ಲಿ ಬಾರ್ ಫ್ರೆಟ್ ಗೆರೆಯ ನೇರ ಮೇಲೆಯೇ ನಿಲ್ಲಬೇಕು. ಕಣ್ಣು ಓರೆಯಾದರೆ ಸ್ವರವೂ ಓರೆ, ಹಾಗಾಗಿ ಮುಖವನ್ನು ಬಾರಿನ ಮೇಲಕ್ಕೇ ತನ್ನಿ. ಮೇಲೆ ಹೋದಂತೆ ಮನೆಗಳು ಕಿರಿದಾಗುವುದೂ ನೆನಪಿರಲಿ. 648 ಮಿ.ಮೀ. ತಂತಿಯಳತೆಯ ಗಿಟಾರಿನಲ್ಲಿ ಮೊದಲ ಫ್ರೆಟ್‌ಗೆ 36 ಮಿ.ಮೀ. ದೂರವಿದ್ದರೆ, 11ರಿಂದ 12ಕ್ಕೆ ಬರೀ 19 ಮಿ.ಮೀ. ಕೆಳಗೆ ಕ್ಷಮಿಸಿದ ತಪ್ಪನ್ನು ಮೇಲೆ ಕಿವಿ ಕ್ಷಮಿಸುವುದಿಲ್ಲ.

ಹಂತ 4: ಒಂದೇ ತಂತಿಯಲ್ಲಿ ಸರಿಗಮ

3ನೇ ತಂತಿ ಬಿಟ್ಟು ಮೀಟಿದರೆ ಷಡ್ಜ. ಮುಂದೆ 2ನೇ ಫ್ರೆಟ್ ರಿ, 4 ಗ, 5 ಮ, 7 ಪ, 9 ದ, 11 ನಿ, 12 ಮೇಲಿನ ಸ. ಇದು ನಮ್ಮ ಶಂಕರಾಭರಣದ ಸಾಲು. ನಿಮ್ಮ ತಪ್ಪು ಹಿಡಿಯುವ ಮೇಷ್ಟ್ರು ವಾದ್ಯದಲ್ಲೇ ಇದ್ದಾರೆ. 4ನೇ ಫ್ರೆಟ್‌ನ ಗಾಂಧಾರ, ಬಿಟ್ಟು ಮೀಟಿದ 2ನೇ ತಂತಿಗೆ ಸೇರಬೇಕು. 7ನೇ ಫ್ರೆಟ್‌ನ ಪಂಚಮ, 1ನೇ ತಂತಿಗೆ ಸೇರಬೇಕು. ಸೇರಲಿಲ್ಲವೇ? ಗೆರೆಯನ್ನು ಬಿಟ್ಟು ಕಿವಿಯನ್ನು ನಂಬಿ.

ಆಮೇಲೆ 3, 2, 1ನೇ ತಂತಿಗಳನ್ನು ಒಟ್ಟಿಗೆ ಮೀಟಿ. ಬಿಟ್ಟ ತಂತಿಗಳಲ್ಲಿ ಜಿ ಕಾರ್ಡ್, ಬಾರ್ 5ಕ್ಕೆ ಬಂದರೆ ಸಿ, 7ಕ್ಕೆ ಬಂದರೆ ಡಿ. ಸಾವಿರಾರು ಸರಳ ಹಾಡುಗಳಿಗೆ ಈ ಮೂರು ನಿಲ್ದಾಣ ಸಾಕು. ಜಾರುವಾಗ ಅವಸರ ಬೇಡ, ತಲುಪುವ ಸ್ವರ ಮೊದಲು ಮನಸ್ಸಿನಲ್ಲಿ ಕೇಳಿಸಲಿ. ತಲುಪಿದ ಮೇಲೆ ಗೆರೆಯ ಆಚೆ ಈಚೆ ಸಮನಾಗಿ, ನಿಧಾನವಾಗಿ ಬಾರನ್ನು ಅಲುಗಿಸಿದರೆ ಕಂಪಿತ ಹುಟ್ಟುತ್ತದೆ. ಜಾರು, ಕಂಪಿತ ಎರಡನ್ನೂ ಎಲ್ಲ ಸ್ವರಕ್ಕೂ ಬಳಿಯಬೇಡಿ. ಉಪ್ಪು ಹೆಚ್ಚಾದ ಸಾರಾಗುತ್ತದೆ.

ಹಂತ 5: ಬಲಗೈಯ ಕೆಲಸ

ಮೀಟುವಷ್ಟೇ ಮುಖ್ಯ ನಿಲ್ಲಿಸುವುದು. ಒಂದು ಕಾರ್ಡ್ ಮೀಟಿ, ಮುಂದಿನದಕ್ಕೆ ಹೊರಡುವ ಮೊದಲು ಅಂಗೈಯ ಅಂಚನ್ನು ತಂತಿಗಳ ಮೇಲೆ ಇಳಿಸಿ ನಾದ ಅಡಗಿಸಿ. ಯಾವ ಜಾರು ಕೇಳಬೇಕು, ಯಾವುದು ಕೇಳಬಾರದು ಎಂದು ತೀರ್ಮಾನಿಸುವುದು ಈ ಅಂಗೈ.

ಹವಾಯಿಯವರ ಪ್ರಸಿದ್ಧ ಗಂಟೆನಾದವೂ ಈ ಅಂಗೈಯದೇ. ಬಾರ್ ಇರುವ ಜಾಗದಿಂದ ಸರಿಯಾಗಿ 12 ಫ್ರೆಟ್ ಮುಂದೆ ಅಂಗೈಯ ಅಂಚಿನಿಂದ ತಂತಿಯನ್ನು ಮೆಲ್ಲಗೆ ಮುಟ್ಟಿ, ಮೀಟಿದ ಕೂಡಲೇ ಕೈ ಎತ್ತಿ. ಒಂದು ಸ್ಥಾಯಿ ಮೇಲಿನ ಸ್ವರ ಗಾಜಿನಂತೆ ಮಿನುಗುತ್ತದೆ. ಇದು ಒಂದು ವಾರದಲ್ಲಿ ಬರುವ ವಿದ್ಯೆಯಲ್ಲ, ಬೇಸರ ಬೇಡ.

ಹಂತ 6: ಸಿ6ಕ್ಕೆ ಹೋಗುವುದು

ತಿಂಗಳೆರಡು ಕಳೆದ ಮೇಲೆ ಒಂದು ಕೊರತೆ ಕಾಡತೊಡಗುತ್ತದೆ. ಜಿ ಶ್ರುತಿಯಲ್ಲಿ ಬಾರನ್ನು ಎಲ್ಲಿಟ್ಟರೂ ಮೇಜರ್ ಕಾರ್ಡೇ. ಮೈನರ್ ಬೇಕೆಂದರೆ ಗಾಂಧಾರವೊಂದೇ ಒಂದು ಫ್ರೆಟ್ ಇಳಿಯಬೇಕು. ನೇರ ಸರಳಿಗೆ ಅದು ಸಾಧ್ಯವಿಲ್ಲ. ಬಾರನ್ನು ಓರೆ ಹಿಡಿದು ಎರಡು ತಂತಿಗಳ ಅಂತರ ಬದಲಿಸುವುದು ಒಂದು ದಾರಿ, ಆದರೆ ಕಷ್ಟದ್ದು. ಇನ್ನೊಂದು ದಾರಿ ಶ್ರುತಿಯನ್ನೇ ಬದಲಿಸುವುದು. ಜಾಸ್ ಬೆರೆತ ಹಾಡುಗಳು ಬಂದಂತೆ ಸ್ಟೀಲ್ ಗಿಟಾರ್ ವಾದಕ ಸೋಲ್ ಹೋಪಿಯಿ ಸಿ ಶಾರ್ಪ್ ಮೈನರ್ ಶ್ರುತಿ ಹಿಡಿದರು. ಸಿ6 ಶ್ರುತಿಗೆ ಇನ್ನೊಬ್ಬ ವಾದಕ ಜೆರ್ರಿ ಬರ್ಡ್ ಹೆಸರು ಅಂಟಿಕೊಂಡಿದೆ. ಕೆಲವರು ಒಂದೇ ವಾದ್ಯಕ್ಕೆ ಎರಡು, ಮೂರು ಕತ್ತು ಜೋಡಿಸಿ ಒಂದೊಂದಕ್ಕೂ ಬೇರೆ ಶ್ರುತಿ ಇಟ್ಟರು. ಕೊನೆಗೆ, ಹಾಡಿನ ನಡುವೆಯೇ ಕಾಲಿನಿಂದ ಶ್ರುತಿ ಬದಲಿಸುವ ಪೆಡಲ್ ಸ್ಟೀಲ್ ಬಂತು.

ಸಿ6 ಎಂದರೆ, ದಪ್ಪ ತಂತಿಯಿಂದ, ಸಿ–ಇ–ಜಿ–ಎ–ಸಿ–ಇ. ಮಾಮೂಲಿ ತಂತಿಗಳನ್ನೇ ಎಳೆದು ಇದಕ್ಕೆ ತರಲು ಹೋದರೆ ತುಂಡಾಗುತ್ತವೆ. ಎಕ್ಸ್‌ಟ್ರಾ ಲೈಟ್ ತಂತಿಯ ಎರಡು ಸೆಟ್ ಕೊಂಡು ಹೀಗೆ ಹಾಕಿ:

* 6 ಮತ್ತು 5ನೇ ಜಾಗಕ್ಕೆ ಎರಡೂ ಸೆಟ್‌ನ ಡಿ ತಂತಿಗಳು. ಮೊದಲನೆಯದನ್ನು ಸಿಗೆ ಇಳಿಸಿ, ಎರಡನೆಯದನ್ನು ಇಗೆ ಏರಿಸಿ.
* 4 ಮತ್ತು 3ನೇ ಜಾಗಕ್ಕೆ ಎರಡೂ ಸೆಟ್‌ನ ಜಿ ತಂತಿಗಳು. ಒಂದು ಜಿಯಲ್ಲೇ ಇರಲಿ, ಇನ್ನೊಂದನ್ನು ಎಗೆ ಏರಿಸಿ.
* 2ನೇ ಜಾಗಕ್ಕೆ ಬಿ ತಂತಿ, ಸಿಗೆ ಏರಿಸಿ.
* 1ನೇ ಜಾಗಕ್ಕೆ ಇ ತಂತಿ, ಹಾಗೇ ಇರಲಿ.

ಈಗ 6, 5, 4ನೇ ತಂತಿಗಳಲ್ಲಿ ಸಿ ಮೇಜರ್ ಇದೆ, 3, 2, 1ರಲ್ಲಿ ಎ ಮೈನರ್ ಇದೆ. ಬಾರ್ ಕದಲದೆಯೇ ಎರಡು ಭಾವ. ತಂತಿ ಬದಲಿಸುವ ತಾಪತ್ರಯಕ್ಕೆ ಸಿಗುವ ಪ್ರತಿಫಲ ಇದು.

ಕಿವಿಗೂ ಪಾಠ ಬೇಕು

ಕೈಗಿಂತ ಮೊದಲು ಕಿವಿ ಕಲಿಯಬೇಕು. ಒಂಟಿ ತಂತಿಯ ಚುರುಕಿಗೆ ಸೋಲ್ ಹೋಪಿಯಿ, ಸ್ವಚ್ಛ ನಾದಕ್ಕೆ ಜೆರ್ರಿ ಬರ್ಡ್ ಕೇಳಿ. 1959ರಲ್ಲಿ ಅಮೆರಿಕದ ಪಟ್ಟಿಗಳಲ್ಲಿ ಮೊದಲ ಸ್ಥಾನಕ್ಕೇರಿದ, ಸ್ಯಾಂಟೊ ಮತ್ತು ಜಾನಿ ಸಹೋದರರ ‘ಸ್ಲೀಪ್ ವಾಕ್’ ಕೇಳಿದರೆ, ನಿಧಾನ ಜಾರಿಗೆ ಎಷ್ಟು ಶಕ್ತಿಯಿದೆ ಎಂಬುದು ತಿಳಿಯುತ್ತದೆ. ನಮ್ಮವರ ಪೈಕಿ, 1967ರ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಸಂತೂರ್, ಬಾನ್ಸುರಿಗಳ ನಡುವೆ ಕಾಬ್ರಾ ಅವರ ಗಿಟಾರನ್ನು ಹುಡುಕಿಕೊಂಡು ಕೇಳಿ.

ಕೊನೆಗೊಂದು ಪ್ರಯೋಗ. ಸಿ6 ಶ್ರುತಿಯಲ್ಲಿ ಸಿ ಅನ್ನು ಷಡ್ಜ ಮಾಡಿಕೊಂಡು ತಂತಿಗಳನ್ನು ಒಂದೊಂದಾಗಿ ಮೀಟಿ: ಸ–ಗ–ಪ–ದ–ಸ–ಗ. ಮೋಹನದಲ್ಲಿ ರಿಷಭವೊಂದೇ ಬಾಕಿ. 2ನೇ ತಂತಿಯ 2ನೇ ಫ್ರೆಟ್‌ಗೆ ಬಾರ್ ಜಾರಿಸಿ. ಅದೂ ಬಂತು.