ನಿಂತ ಗಾಡಿಯ ಬ್ಯಾಟರಿ ಖಾಲಿ ಆಗ್ತಿದೆಯಾ? ಕರೆಂಟ್ ಸೋರಿಕೆ ಹೀಗೆ ಹುಡುಕಿ

ಬೆಳಗಿನ ಜಾವ ಸೊಪ್ಪು ತುಂಬಿಕೊಂಡು ಮಾರ್ಕೆಟ್‌ಗೆ ಹೊರಡಬೇಕು, ಹಳೇ ಓಮ್ನಿ ಸ್ಟಾರ್ಟೇ ಆಗಲ್ಲ. ಹರಾಜು ತಪ್ಪಿದರೆ ಸೊಪ್ಪಿಗೆ ಬೆಲೆ ಎಲ್ಲಿ? ತಕ್ಷಣ ಹೊಸ ಬ್ಯಾಟರಿ ತರಬೇಡಿ. ಸೋರಿಕೆ ಇದ್ದರೆ ಹೊಸದೂ ಹೀಗೇ ಮಲಗುತ್ತೆ. ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ನೀವೇ ಪರೀಕ್ಷೆ ಮಾಡಬಹುದು.

ಮೊದಲು ಇದು ಸೋರಿಕೆಯೇನಾ ನೋಡಿ

ಫುಲ್ ಚಾರ್ಜ್ ಆದ ಬ್ಯಾಟರಿ, ಕೆಲವು ಗಂಟೆ ಸುಮ್ಮನಿದ್ದ ಮೇಲೆ ಸುಮಾರು 12.6 ವೋಲ್ಟ್ ತೋರಿಸಬೇಕು. 12.2 ಅಂದರೆ ಹೆಚ್ಚುಕಮ್ಮಿ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು; ಬರದಿದ್ದರೆ ತೊಂದರೆ ಚಾರ್ಜಿಂಗ್‌ನಲ್ಲಿದೆ. ವೈರ್ ಬಿಚ್ಚಿಟ್ಟರೂ ರಾತ್ರಿ ಕಳೆಯೋದರಲ್ಲಿ ವೋಲ್ಟೇಜ್ ಬಿದ್ದರೆ ಬ್ಯಾಟರಿಯೇ ಹೋಗಿದೆ. ವೈರ್ ಬಿಚ್ಚಿಟ್ಟಾಗ ನಿಂತು, ಸೇರಿಸಿದಾಗ ಮಾತ್ರ ಇಳಿದರೆ ಅದು ಸೋರಿಕೆ.

ಅಳೆಯೋದು ಹೇಗೆ?

1. ಉಂಗುರ, ವಾಚ್ ತೆಗೆದಿಡಿ. ಹತ್ತಿರ ಬೀಡಿ, ಬೆಂಕಿ ಬೇಡ.
2. ಕೀ ತೆಗೆಯಿರಿ. ಲೈಟ್, ಸ್ಟೀರಿಯೋ ಎಲ್ಲ ಆಫ್ ಮಾಡಿ. ಬಾಗಿಲು ತೆರೆದಿದ್ದರೆ ಒಳಗಿನ ಲೈಟೂ ಆಫ್ ಇರಲಿ.
3. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಯಲ್ ಡಿಸಿ 10 ಆಂಪಿಯರ್‌ಗೆ ತಿರುಗಿಸಿ.
4. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಕೆಂಪು ಮುಳ್ಳು ಕೇಬಲ್‌ಗೆ, ಕಪ್ಪು ಮುಳ್ಳು ನೆಗೆಟಿವ್ ಟರ್ಮಿನಲ್‌ಗೆ ಹಿಡಿಯಿರಿ.

ಈ ಸ್ಥಿತಿಯಲ್ಲಿ ಕೀ ತಿರುಗಿಸಲೇಬೇಡಿ, ಮೀಟರ್ ಸುಟ್ಟೀತು. 0.05 ಆಂಪಿಯರ್ ಒಳಗಿದ್ದರೆ ಸಾಮಾನ್ಯ. ಕಂಪ್ಯೂಟರ್ ಇರುವ ಗಾಡಿಯಾದರೆ ಅರ್ಧ ಗಂಟೆ ಕಾದು ನೋಡಿ. 0.5 ತೋರಿಸಿದರೆ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು ಅಂತ ಲೆಕ್ಕ. 35ರ ಬ್ಯಾಟರಿ ಎರಡೇ ದಿನದಲ್ಲಿ ಸೋತುಬಿಡುತ್ತೆ.

ಎಲ್ಲಿ ಸೋರುತ್ತಿದೆ?

ಡ್ರಿಪ್ ಲೈನ್ ಎಲ್ಲಿ ಒಡೆದಿದೆ ಅಂತ ಒಂದೊಂದೇ ವಾಲ್ವ್ ಮುಚ್ಚಿ ನೋಡ್ತೀವಲ್ಲ, ಇಲ್ಲೂ ಅದೇ ಉಪಾಯ. ಫ್ಯೂಸ್ ಬಾಕ್ಸ್‌ನ ಫೋಟೋ ಮೊಬೈಲಲ್ಲಿ ತೆಗೆದುಕೊಂಡು, ಒಂದೊಂದೇ ಫ್ಯೂಸ್ ಕೀಳಿ. ಯಾವುದನ್ನು ಕಿತ್ತಾಗ ಮೀಟರ್ ಇಳಿಯುತ್ತೋ, ಕಳ್ಳ ಆ ಲೈನಿನಲ್ಲೇ ಇದ್ದಾನೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಹಾರ್ನ್ ರಿಲೇ, ಜಿಪಿಎಸ್, ಮೊಬೈಲ್ ಚಾರ್ಜರ್ ಮೊದಲು ನೋಡಿ.

ಯಾವ ಫ್ಯೂಸ್ ಕಿತ್ತರೂ ಇಳಿಯಲಿಲ್ಲವೇ? ಬ್ಯಾಟರಿಯಿಂದ ನೇರ ಎಳೆದ ವೈರ್ ಇದೆಯಾ ಹುಡುಕಿ. ಅದೂ ಇಲ್ಲದಿದ್ದರೆ ಆಲ್ಟರ್ನೇಟರ್‌ನ ಡಯೋಡ್ ಮೇಲೆ ಅನುಮಾನ. ಅದನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನಿಮ್ಮ ರೀಡಿಂಗ್ ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಮುಗಿದ ಮೇಲೆ ಕೆಂಪು ವೈರನ್ನು ಮರೆಯದೆ ವೋಲ್ಟ್ ತೂತಿಗೆ ಬದಲಿಸಿ. ಆಂಪಿಯರ್ ತೂತಿನಲ್ಲೇ ಬಿಟ್ಟು ವೋಲ್ಟ್ ಅಳೆದರೆ ಶಾರ್ಟ್ ಆಗುತ್ತೆ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತೋದು ಮಾತ್ರ ಬೇಡವೇ ಬೇಡ, ಗಾಡಿಗೇ ಬೆಂಕಿ ಬಿದ್ದೀತು.